ರೋಶನ್ ಕೈ ಎತ್ತಿದ್ದೇಕೆ?

ಬಾಂದ್ರಾ, ಮುಂಬೈ
17 ನವೆಂಬರ್ 2024, ಭಾನುವಾರ

ಗುರಲಿಂಗಪ್ಪ ಸರ್ ಅವರಿಗೆ,

ನಿಮ್ಮ ಬಸುವಿನ ನಮಸ್ಕಾರ. ನಿಮ್ಮ ಹಾಸ್ಟೆಲ್ ಬಿಟ್ಟು ಐದು ತಿಂಗಳಾದರೂ ಭಾನುವಾರ ಬಂದರೆ ಕೈ ತಾನೇ ಹಾಳೆ ಹುಡುಕುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು "ಹೂಂ ಸರ್" ಬಿಟ್ಟು ಬೇರೆ ಏನೂ ಹೇಳುವುದಿಲ್ಲ, ಕಾಗದದಲ್ಲಾದರೆ ಬಾಯಿ ಬಿಡುತ್ತೇನೆ ಎಂದು ನೀವೇ ಬೈದಿದ್ದೀರಿ.

ಇಲ್ಲಿ ನನ್ನ ಸ್ಥಿತಿ ಹೀಗಿದೆ. ಕಾಲೇಜಿನ ಹಾಕಿ ಟೀಮಿನಲ್ಲಿ ಫಸ್ಟ್ ಇಯರ್‌ನವನು ನಾನೊಬ್ಬನೇ, ಅದೂ ಟ್ರಯಲ್ ಮೇಲೆ. ಲೀಗ್ ಮುಗಿದ ಮೇಲೆ ಕೋಚ್ ಸರ್ ಒಂದು ಲಿಸ್ಟ್ ಹಾಕುತ್ತಾರೆ. ಅದರಲ್ಲಿ ಹೆಸರಿದ್ದರೆ ಸ್ಪೋರ್ಟ್ಸ್ ಕೋಟಾದ ರೂಮು ಮೂರು ವರ್ಷ ನನ್ನದು. ಇಲ್ಲದಿದ್ದರೆ ಟ್ರಂಕ್ ಎತ್ತಿಕೊಂಡು ಮುಲುಂಡಿಗೆ ಹೋಗಬೇಕು. ಅಲ್ಲಿ ಅಪ್ಪ ಕೆಲಸ ಮಾಡುವ ಬಿಲ್ಡಿಂಗ್ ಸೈಟಿನ ತಗಡಿನ ಶೆಡ್ಡಿನಲ್ಲಿ ಆರು ಜನ ಮಲಗುತ್ತಾರೆ. ಒಬ್ಬ ಹೊರಳಿದರೆ ಆರೂ ಜನ ಹೊರಳಬೇಕು. ಅಲ್ಲಿ ಕೂತು ಸ್ಟ್ಯಾಟಿಸ್ಟಿಕ್ಸ್ ಹೇಗೆ ಓದಲಿ ಎಂಬ ಟೆನ್ಷನ್ನಿನಲ್ಲೇ ದಿನಾ ಬೂಟು ಕಟ್ಟುತ್ತೇನೆ.

ಇಷ್ಟೆಲ್ಲ ಬರೆದದ್ದು ಒಂದು ವಿಷಯ ಕೇಳಲು. ಮೊನ್ನೆ ಚೆಂಬೂರಿನ ಕಾಲೇಜಿನ ಮೇಲೆ ಮ್ಯಾಚ್ ಇತ್ತು. ಅವರ ಸೆಂಟರ್ ಫಾರ್ವರ್ಡ್ ರೋಶನ್ ಅಂತ, ಮಂಗಳೂರು ಕಡೆಯವರ ಮಗ, ಇಡೀ ಲೀಗಿಗೇ ಹೀರೊ. ಅವನನ್ನು ಹಿಡಿಯುವ ಕೆಲಸ ನನ್ನದು. ಒಂದಕ್ಕೊಂದು ಸಮವಾಗಿದ್ದಾಗ, ನಾಲ್ಕು ನಿಮಿಷ ಉಳಿದಿರುವಾಗ, ಅವನು ನನ್ನನ್ನು ದಾಟಿ ಗೋಲಿನ ಮುಂದಿನ 'ಡಿ' ಗೆರೆಯೊಳಗೆ ಹೋಗಿ ಗೋಲು ಹೊಡೆದ. ಅಂಪೈರ್ ಗೋಲು ಕೊಟ್ಟರು. ಅವರ ಹುಡುಗರು ಕುಣಿಯುತ್ತಿದ್ದರು. ಇವನು ಮಾತ್ರ ನಿಂತಲ್ಲೇ ಕೈ ಎತ್ತಿ, ಸ್ಟಿಕ್ಕಿನ ತುದಿಯಿಂದ ತನ್ನ ಬೂಟು ತೋರಿಸಿದ. ಚೆಂಡು ಅವನ ಕಾಲಿಗೆ ತಾಗಿತ್ತಂತೆ. ಒಂದು ಗಜ ದೂರದಲ್ಲಿದ್ದ ನನಗೇ ಕಂಡಿರಲಿಲ್ಲ. ಕಾಲಿಗೆ ತಾಗಿದರೆ ಫೌಲ್, ಗೋಲು ಹೋಯಿತು. ಮ್ಯಾಚ್ ಡ್ರಾ.

ಬಸ್ಸಿನಲ್ಲಿ ನಮ್ಮ ಕ್ಯಾಪ್ಟನ್ ಸುಕೇಶ್ ಹೇಳಿದ, "ನಾಟಕ ಹೈ ರೇ. ಒಂದು ಗೋಲು ಬಿಟ್ಟು ಅಂಪೈರ್‌ನ್ನ ಖರೀದಿ ಮಾಡ್ದ. ಫೈನಲ್‌ನಲ್ಲಿ ನೋಡು, ಅವ ಏನು ಹೇಳಿದ್ರೂ ನಿಜ ಅಂತಾರೆ." ಎಲ್ಲರೂ ಹೌದೆಂದರು. ನಾನೂ ಹೌದೆಂದೆ.

ಆಕ್ಚುಲಿ ಸರ್, ನನಗೆ ಆ ಹುಡುಗ ಇಷ್ಟವಾದ. ಇಷ್ಟವಾದದ್ದಕ್ಕೇ ಜಾಸ್ತಿ ಅನುಮಾನ. ಹಾಸ್ಟೆಲ್ ಹುಡುಗರಿಗೆ ಹಾಕಿ ಕಲಿಸಿದ ನಿಮ್ಮ ಮೂವತ್ತು ವರ್ಷದ ಅನುಭವದಲ್ಲಿ ಹೀಗೆ ಯಾರಾದರೂ ಕೈ ಎತ್ತಿದ್ದು ನೋಡಿದ್ದೀರಾ?

ನಿಮ್ಮ ವಿದ್ಯಾರ್ಥಿ
ಬಸು

*

ತಾಳಿಕೋಟಿ
25 ನವೆಂಬರ್ 2024

ಚಿರಂಜೀವಿ ಬಸುಗೆ ಆಶೀರ್ವಾದ.

ಕಾಗದ ಮುಟ್ಟಿತು. ನೀನು ಕೇಳಿದ್ದಕ್ಕೆ ಉತ್ತರ: ನೋಡಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬನನ್ನೂ ನೋಡಿಲ್ಲ. ಅದಕ್ಕೇ ಹೇಳುತ್ತೇನೆ, ಹುಷಾರಾಗಿರು.

ಫಾರ್ವರ್ಡ್ ಆದವನು ಗೋಲಿನ ಹಸಿವಿನವನು. ಅವನು ತಾಟಿನಲ್ಲಿದ್ದದ್ದನ್ನು ತಾನೇ ಸರಿಸಿದನೆಂದರೆ ಒಳಗೆ ಇನ್ನೊಂದು ತಾಟು ಕಾದಿರಬೇಕು. ನಿಮ್ಮ ಕ್ಯಾಪ್ಟನ್ ಹೇಳಿದ್ದರಲ್ಲಿ ತಥ್ಯವಿದೆ. ಅಂಪೈರೂ ಮನುಷ್ಯನೇ. ಒಮ್ಮೆ ನಂಬಿದವನನ್ನು ಮತ್ತೆ ಮತ್ತೆ ನಂಬುತ್ತಾನೆ. ಆ ಹುಡುಗನ ಕಣ್ಣು ನೋಡಬೇಡ, ಸೊಂಟ ನೋಡು. ಯಾವ ಕಡೆ ಹೋಗುತ್ತಾನೆಂದು ಅದೇ ಹೇಳುತ್ತದೆ. ಮೈದಾನದ ಹೊರಗೂ ಅಷ್ಟೇ. ಚಹಾ ಕುಡಿಸಿದರೆ ಕುಡಿ, ಆದರೆ ಕುಡಿಯುವಾಗ ಏನು ಕೇಳಿದ ಎಂಬುದನ್ನು ನೆನಪಿಟ್ಟುಕೋ.

ಇನ್ನೊಂದು ಮಾತು. ನಮ್ಮ ಹಾಸ್ಟೆಲ್ ಟೀಮ್ ಹೇಗೆ ಪ್ರಾಕ್ಟೀಸ್ ಮಾಡುತ್ತಿತ್ತು, ನಾನು ಏನೇನು ಕಲಿಸಿದೆ, ಅದೆಲ್ಲ ಅಲ್ಲಿ ಯಾರ ಮುಂದೆಯೂ ಹೇಳುವ ಅಗತ್ಯವಿಲ್ಲ. ಪ್ರತಿ ಊರಿಗೂ ಒಂದು ಪದ್ಧತಿ ಇರುತ್ತದೆ.

ಜನವರಿ ಮೂವತ್ತೊಂದಕ್ಕೆ ನಾನು ರಿಟೈರ್. ಹುಡುಗರು ಸತ್ಕಾರ ಸಮಾರಂಭ ಇಟ್ಟುಕೊಂಡಿದ್ದಾರೆ. ಬರುವುದಾದರೆ ಬಾ.

ಗುರಲಿಂಗಪ್ಪ

*

ಬಾಂದ್ರಾ
1 ಡಿಸೆಂಬರ್ 2024, ಭಾನುವಾರ

ಸರ್,

ನೀವು ಹೇಳುವ ಮೊದಲಿನಿಂದಲೇ ರೋಶನ್ ಮೇಲೆ ಕಣ್ಣಿಟ್ಟಿದ್ದೇನೆ. ಚೆಂಬೂರಿನವರ ಮೂರು ಮ್ಯಾಚು ಕೂತು ನೋಡಿದೆ. ಬಾಂದ್ರಾದಿಂದ ಹಾರ್ಬರ್ ಲೋಕಲ್ ಹಿಡಿದು, ವಡಾಲಾದಲ್ಲಿ ಬದಲಿಸಿ, ಅವರ ಪ್ರಾಕ್ಟೀಸಿಗೂ ಒಂದು ದಿನ ಹೋಗಿ ಗೇಟಿನ ಹೊರಗೆ ನಿಂತೆ. ವಾಚ್‌ಮನ್ "ಕಿಸ್ಕೋ ಢೂಂಡ್ ರಹಾ ಹೈ?" ಎಂದ, ಯಾರನ್ನು ಹುಡುಕುತ್ತಿದ್ದೀ ಎಂದು. ಗೊತ್ತಿಲ್ಲ ಎಂದು ಹೇಳಿ ವಾಪಸ್ ಬಂದೆ.

ಮೂರು ಮ್ಯಾಚಿನಲ್ಲಿ ಅವನು ನಾಲ್ಕು ಸಲ ಕೈ ಎತ್ತಿದ. ಅದರಲ್ಲಿ ಎರಡು ಸಲ ಅಂಪೈರ್ ಆ ಕಡೆ ನೋಡುತ್ತಲೇ ಇರಲಿಲ್ಲ. ಖರೀದಿ ಮಾಡೋಣವೆಂದರೂ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಸುಕೇಶನಿಗೆ ಹೇಳಿದೆ. "ಹಾಗಾದ್ರೆ ಇನ್ನೂ ದೊಡ್ಡ ಆಟಗಾರ. ರಿಹರ್ಸಲ್ ಮಾಡ್ತಿದ್ದಾನೆ" ಎಂದ. ನನಗೆ ಫುಲ್ ಕನ್ಫ್ಯೂಸ್.

ಮೊನ್ನೆ ಇನ್ನೊಂದಾಯಿತು. ಟರ್ಫ್ ಮೈದಾನದಲ್ಲಿ ನಮ್ಮ ಟೈಮ್ ಮುಗಿದ ಮೇಲೆ ಅವರ ಟೈಮ್. ಕೊನೆಯ ಹೊಡೆತಕ್ಕೆ ನನ್ನ ಸ್ಟಿಕ್ ಸೀಳಿತು. ಕಾಲೇಜಿನಿಂದ ಹೊಸದು ಬರಲು ಜನವರಿ ಆಗುತ್ತದೆಂದು ಕೋಚ್ ಸರ್ ಹೇಳಿ ಹೋದರು. ನಾನು ಬೆಂಚಿನ ಮೇಲೆ ಕೂತು ಟೇಪ್ ಸುತ್ತುತ್ತಿದ್ದೆ. ರೋಶನ್ ಒಳಗೆ ಬಂದವನು ನಿಂತ.

"ಒಡೀತಾ? ಅದಕ್ಕೆ ಟೇಪ್ ನಿಲ್ಲುವುದಿಲ್ಲ. ತಕೋ, ನನ್ನತ್ರ ಎರಡುಂಟು. ಲೀಗ್ ಮುಗಿಯುವವರೆಗೆ ಇಟ್ಕೋ ಮಾರಾಯ."

"ನಿಮ್ಮ ಸ್ಟಿಕ್ಕಿನಿಂದ ನಿಮ್ಮ ಮೇಲೇ ಆಡಲಾ?"

"ಮತ್ತೆ? ಕೈ ಬೀಸಿಕೊಂಡು ಆಡ್ತೀಯಾ?" ಎಂದು ನಕ್ಕ. ಸ್ವಲ್ಪ ದೂರ ಹೋದವನು ತಿರುಗಿ, "ನಿನ್ನ ಎಡಗಾಲು ಬೇಗ ತಿರುಗ್ತದೆ, ಗೊತ್ತುಂಟಾ? ನಾನು ಅದನ್ನೇ ನೋಡಿಕೊಂಡು ಆಚೆಯಿಂದ ಹೋಗುವುದು. ಸರಿ ಮಾಡ್ಕೋ" ಎಂದ.

ಎದುರಾಳಿ ಯಾರಾದರೂ ಹೀಗೆ ಹೇಳುತ್ತಾರಾ ಸರ್? ಕಾಲು ಸರಿ ಮಾಡಿಕೊಂಡರೆ ಇನ್ನೊಂದು ಕಡೆಯಿಂದ ಹೋಗುವ ಪ್ಲ್ಯಾನಾ? ಸ್ಟಿಕ್ಕಿನಲ್ಲಿ ಏನಾದರೂ ಇದೆಯಾ? ಆ ಸ್ಟಿಕ್ಕನ್ನು ಮಂಚದ ಕೆಳಗಿಟ್ಟಿದ್ದೇನೆ, ಇನ್ನೂ ಮುಟ್ಟಿಲ್ಲ.

ಮೇಲೆ ಎರಡನೇ ಪುಟದಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ. ಅದು ಬೇರೆ ವಿಷಯ, ಕ್ಷಮಿಸಿ.

ಬಸು

*

ತಾಳಿಕೋಟಿ
8 ಡಿಸೆಂಬರ್ 2024

ಬಸು,

ಸ್ಟಿಕ್ ಮುಟ್ಟದೆ ಇಟ್ಟದ್ದು ಒಳ್ಳೆಯದಾಯಿತು. ಸ್ಟಿಕ್ಕಿನ ಅಗಲ ಕೂದಲೆಳೆಯಷ್ಟು ಹೆಚ್ಚಿದ್ದರೂ ಅದು ನಿಯಮಕ್ಕೆ ಹೊರಗು. ನೀನು ಅದರಿಂದ ಆಡುವುದು, ನಡುವೆ ಅವರ ಕ್ಯಾಪ್ಟನ್ ತಕರಾರು ತೆಗೆಯುವುದು, ಅಂಪೈರ್ ನಿನ್ನನ್ನು ಹೊರಗೆ ಕಳಿಸುವುದು. ಇಂಥದ್ದು ನಾನು ಕಂಡಿದ್ದೇನೆ. ಮುಂದಿನ ಮ್ಯಾಚಿಗೆ ಮುಂಚೆ ನೀನೇ ಅಂಪೈರ್ ಕೈಗೆ ಕೊಟ್ಟು, ಅಗಲ ಅಳೆಯುವ ಅವರ ಬಳೆಯಲ್ಲಿ ತೂರಿಸಿ ನೋಡಿರೆಂದು ಎಲ್ಲರ ಎದುರಿಗೆ ಕೇಳು. ಕಳ್ಳತನವಿದ್ದರೆ ಅಲ್ಲೇ ಬಯಲಾಗುತ್ತದೆ.

ಎಡಗಾಲಿನ ಮಾತು ಮಾತ್ರ ನಿಜ. ನಾನೂ ನೋಡಿದ್ದೆ. ಹೇಳಬೇಕೆಂದಿದ್ದೆ, ಮರೆತೆ.

ಈಗ ನನ್ನದೊಂದು ಪ್ರಶ್ನೆ. ಆ ಹುಡುಗ ಒಳ್ಳೆಯವನಾದರೆ ನಿನಗೇನು, ಕೆಟ್ಟವನಾದರೆ ನಿನಗೇನು? ಅವನನ್ನು ತಡೆ, ಸಾಕು. ಒಂದೇ ಮಾತನ್ನು ಮೂರು ನಮೂನೆ ತಿರುಗಿಸಿ ಕೇಳುತ್ತಿದ್ದೀಯ.

ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಿದೆ. "ಬಿಜಾಪುರದ ಫೈನಲ್ ದಿನ ನೀವು" ಎಂದು ಇತ್ತು. ಮುಂದೆ ಬರೆದಿಲ್ಲ. ಆ ಮ್ಯಾಚ್ ಮುಗಿದು ಹೋಗಿದೆ. ನಾವು ಗೆದ್ದಿದ್ದೇವೆ. ಸರ್ಟಿಫಿಕೇಟ್ ನಿನ್ನ ಕೈಯಲ್ಲಿದೆ.

ಗುರಲಿಂಗಪ್ಪ

*

ಬಾಂದ್ರಾ
15 ಡಿಸೆಂಬರ್ 2024, ಭಾನುವಾರ

ಸರ್,

ನಿನ್ನೆ ಸೆಮಿಫೈನಲ್. ನಮ್ಮದು ಮೊದಲು, ಚೆಂಬೂರಿನವರದು ಆಮೇಲೆ. ಎರಡೂ ಟೀಮು ಅಲ್ಲೇ ಇದ್ದವು. ನೀವು ಹೇಳಿದಂತೆಯೇ ಮಾಡಿದೆ.

"ಯೇ ಸ್ಟಿಕ್ ಚೆಕ್ ಕರೋ ಸರ್. ಚೆಂಬೂರ್ ಕೇ ರೋಶನ್ ನೇ ದಿಯಾ ಹೈ. ಡೌಟ್ ಹೈ" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಅಂಪೈರ್ ನನ್ನ ಮುಖ ನೋಡಿ, ಜೇಬಿನಿಂದ ಬಳೆ ತೆಗೆದು ಸ್ಟಿಕ್ಕನ್ನು ತೂರಿಸಿದರು. ಮೇಲಿಂದ ಕೆಳಗಿನವರೆಗೆ ಬೆಣ್ಣೆಯಂತೆ ಹೋಯಿತು. "ಏಕ್‌ದಮ್ ಬರಾಬರ್" ಎಂದು ವಾಪಸ್ ಕೊಟ್ಟರು. ರೋಶನ್ ಜಾಳಿಗೆಯ ಆಚೆ ನಿಂತು ವಡಾಪಾವ್ ತಿನ್ನುತ್ತಿದ್ದ. ತಿನ್ನುವುದನ್ನು ನಿಲ್ಲಿಸಿದ.

ಅದೇ ಸ್ಟಿಕ್ಕಿನಿಂದ ಆಡಿದೆ. ಗೆದ್ದೆವು. ಅವರೂ ಗೆದ್ದರು. ಫೈನಲ್ ಜನವರಿ ಹತ್ತಕ್ಕೆ, ಅವರ ಮೇಲೆ.

ನೀರಿನ ನಲ್ಲಿಯ ಹತ್ತಿರ ಅವನೇ ಬಂದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ನನ್ನತ್ರ ಕೇಳಿದ್ರೆ ಹೇಳ್ತಿದ್ದೆ, ಅದು ಪಾಸ್ ಆದದ್ದೇ" ಎಂದ. ನಲ್ಲಿ ತಿರುಗಿಸಿ ನಿಲ್ಲಿಸಿ, "ನಿನಗೆ ಮೊದಲು ಯಾರಾದ್ರೂ ಮೋಸ ಮಾಡಿದ್ದಾರಾ?" ಎಂದು ಕೇಳಿದ. ತಮಾಷೆಗಲ್ಲ ಸರ್, ನಿಜವಾಗಿ ಕೇಳಿದ.

ಇಲ್ಲ ಎಂದೆ. ಅದು ನಿಜವೂ ಹೌದು. ಮೋಸ ಮಾಡಿದ್ದು ನಾನು.

ಹೊಡೆದು ಹಾಕಿದ ಸಾಲನ್ನು ಈಗ ಪೂರ್ತಿ ಬರೆಯುತ್ತೇನೆ. ಹೋದ ಜನವರಿ, ಬಿಜಾಪುರ, ಜಿಲ್ಲಾ ಫೈನಲ್. ಎದುರಾಳಿ ಟೀಮಿನ ಸಿಂದಗಿಯ ಸಂತು ಹೊಡೆದ ಚೆಂಡು ನಮ್ಮ ಡಿ ಒಳಗೆ ನನ್ನ ಕಾಲಿಗೆ ಬಡಿಯಿತು. ಚೆಂಡು ಬಡಿದ ಕೂಡಲೇ ಬೂಟನ್ನು ಮಣ್ಣಿಗೆ ಉಜ್ಜಬೇಕು, ಗುರುತು ಉಳಿಯಬಾರದು ಎಂದು ನೀವು ಕಲಿಸಿದ್ದಿರಿ. ಅದಕ್ಕೆಂದೇ ಬುಧವಾರ ಸಂಜೆ ಪ್ರಾಕ್ಟೀಸ್ ಇರುತ್ತಿತ್ತು. ಉಜ್ಜಿದೆ. ಅಂಪೈರ್ ಹತ್ತಿರ ಬಂದು, "ಬಡೀತೇನೋ? ಖರೇ ಹೇಳು" ಎಂದರು. ನಾನು ಗೆರೆಯ ಹೊರಗೆ ನಿಂತಿದ್ದ ನಿಮ್ಮನ್ನು ನೋಡಿದೆ. ನೀವು ಟವೆಲ್ಲಿನಿಂದ ಮುಖ ಒರೆಸಿಕೊಂಡಿರಿ. ಮುಖ ಒರೆಸಿದರೆ 'ಇಲ್ಲ' ಎಂದು ನಮ್ಮ ಟೀಮಿನ ಹದಿನಾರು ಜನಕ್ಕೂ ಗೊತ್ತಿತ್ತು. ಇಲ್ಲ ಎಂದೆ. ಅವರಿಗೆ ಸಿಗಬೇಕಿದ್ದ ಪೆನಾಲ್ಟಿ ಕಾರ್ನರ್ ಸಿಗಲಿಲ್ಲ. ಗೆದ್ದೆವು. ಸಂತು ಗೋಲ್ ಪೋಸ್ಟ್ ಹಿಡಿದುಕೊಂಡು ಅತ್ತ.

ಗೆದ್ದ ಸರ್ಟಿಫಿಕೇಟಿನ ಮೇಲೆಯೇ ನನಗೆ ಬಾಂದ್ರಾದಲ್ಲಿ ಸೀಟು, ಈ ರೂಮು. ರೋಶನ್ ನಾಟಕ ಮಾಡುತ್ತಿದ್ದರೆ ಎಲ್ಲರೂ ಹೀಗೇ ಎಂದು ನಾನು ನೆಮ್ಮದಿಯಾಗಿರಬಹುದಿತ್ತು. ಅವನು ನಿಜವಾಗಿ ಹಾಗೆಯೇ ಇದ್ದರೆ ನಾನು ಏನು ಸರ್?

ಒಂದೇ ಪ್ರಶ್ನೆ. ಅವತ್ತು ನೀವು ಮುಖ ಒರೆಸಿಕೊಂಡದ್ದು ನನಗೆ ಹೇಳಲಿಕ್ಕೋ, ಅಥವಾ ಬೆವರು ಬಂದಿತ್ತೋ?

ಬಸು

*

ಬಾಂದ್ರಾ
29 ಡಿಸೆಂಬರ್ 2024

ಸರ್,

ನಿಮ್ಮ ಕಾಗದ ಹೋದ ವಾರವೂ ಬರಲಿಲ್ಲ, ಈ ವಾರವೂ ಬರಲಿಲ್ಲ. ಪೋಸ್ಟ್‌ನಲ್ಲಿ ತಪ್ಪಿರಬಹುದು. ಸಿಟ್ಟಾಗಿದ್ದೀರೇನೋ. ಬಯ್ಯುವುದಕ್ಕಾದರೂ ಬರೆಯಿರಿ.

ಬಸು

*

ತಾಳಿಕೋಟಿ
4 ಜನವರಿ 2025

ಬಸು,

ಕಾಗದ ತಪ್ಪಿಲ್ಲ. ಪೆನ್ಶನ್ ಕಾಗದಪತ್ರಕ್ಕೆ ಓಡಾಟವಿತ್ತು.

ಫೈನಲ್‌ನಲ್ಲಿ ರೋಶನ್‌ನನ್ನು ನಿನ್ನ ಬಲಗಡೆ ಬಿಡಬೇಡ. ಮೊದಲ ಹದಿನೈದು ನಿಮಿಷ ಮುಂದೆ ಓಡಬೇಡ. ನೀರು ಹೆಚ್ಚು ಕುಡಿಯಬೇಡ. ಅಂಪೈರ್ ಕೆಲಸ ನೋಡುವುದು, ಆಟಗಾರನ ಕೆಲಸ ಆಡುವುದು. ಒಬ್ಬರ ಕೆಲಸ ಇನ್ನೊಬ್ಬರು ಮಾಡಬಾರದು. ನಿನ್ನ ರೂಮು ನೆನಪಿಟ್ಟುಕೋ. ನಿನ್ನ ಅಪ್ಪನನ್ನು ನೆನಪಿಟ್ಟುಕೋ.

ಬೆವರು ಬಂದಿತ್ತು.

ಗುರಲಿಂಗಪ್ಪ

*

ಬಾಂದ್ರಾ
12 ಜನವರಿ 2025, ಭಾನುವಾರ

ಸರ್,

ಬಿಜಾಪುರದ ಫೈನಲ್ ಆಡಿದ್ದು ಜನವರಿ ತಿಂಗಳ ಬೆಳಿಗ್ಗೆ. ನೀವು ಕಂದು ಸ್ವೆಟರ್ ಹಾಕಿದ್ದಿರಿ, ಕಿವಿಗೆ ಮಫ್ಲರ್ ಸುತ್ತಿದ್ದಿರಿ. ಆದರೂ ನಿಮ್ಮ ಉತ್ತರ ಓದಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ನಾಲ್ಕು ದಿನ ನೋಡಿದೆ.

ಫೈನಲ್ ಆಯಿತು. ಒಂದು ಸೊನ್ನೆಯಿಂದ ನಾವು ಮುಂದಿದ್ದೆವು. ಮೂರು ನಿಮಿಷ ಉಳಿದಿತ್ತು. ಅವರ ರೈಟ್ ವಿಂಗ್‌ನವನು ಡಿ ಒಳಗೆ ಚೆಂಡು ತಳ್ಳಿದ. ನನ್ನ ಎಡಗಾಲು ಬೇಗ ತಿರುಗಿತು. ಚೆಂಡು ಹಿಮ್ಮಡಿಯ ಹತ್ತಿರ ತಾಗಿ ಗೆರೆಯ ಹೊರಗೆ ಹೋಯಿತು. ಅಂಪೈರಿಗೆ ಸುಕೇಶನ ಬೆನ್ನು ಅಡ್ಡ. ಚೆಂಬೂರಿನವರೆಲ್ಲ "ಫುಟ್, ಫುಟ್" ಎಂದು ಕೂಗಿದರು. ಅಂಪೈರ್ ನನ್ನನ್ನು ಕೇಳಲಿಲ್ಲ. ಸುಕೇಶ್ ಮೊದಲೇ ಹೇಳಿದಂತೆ, ರೋಶನ್ ಕಡೆ ತಿರುಗಿ, ಕಾಲಿಗೆ ತಾಗಿತಾ ಎಂದು ಕೇಳಿದರು: "ರೋಶನ್, ಪಾಂವ್ ಕೋ ಲಗಾ ಕ್ಯಾ?"

ಈಗ ಗೊತ್ತಾಗುತ್ತದೆ ಅಂದುಕೊಂಡೆ. ಎರಡು ತಿಂಗಳು ಕೈ ಎತ್ತಿ ಗಳಿಸಿದ್ದನ್ನು ಈಗ ತೆಗೆಯುತ್ತಾನೆ. ಅವನು ಹೌದೆಂದರೆ ಸಾಕು, ಅವರಿಗೆ ಪೆನಾಲ್ಟಿ ಕಾರ್ನರ್. ಸುಳ್ಳೂ ಅಲ್ಲ, ನಿಜವೇ.

ರೋಶನ್ ನನ್ನ ಕಾಲು ನೋಡಿದ. "ನಹೀ ದೇಖಾ ಸರ್" ಎಂದ.

ಅವನು ಗೋಲ್‌ಕೀಪರಿನ ಕಡೆ ಓಡುತ್ತಿದ್ದ, ನೋಡಿರಲಿಲ್ಲ. ಅಷ್ಟೇ. ಅವನ ಟೀಮಿನವನೇ ಒಬ್ಬ ಕೆಟ್ಟ ಬೈಗುಳ ಬೈದ. ಅಂಪೈರ್ ಆಟ ಮುಂದುವರಿಸಲು ಕೈ ಎತ್ತುತ್ತಿದ್ದರು. ಟರ್ಫ್‌ನಲ್ಲಿ ಉಜ್ಜಲು ಮಣ್ಣಿರುವುದಿಲ್ಲ. ಇದ್ದಿದ್ದರೆ ಉಜ್ಜುತ್ತಿದ್ದೆನೋ ಏನೋ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಅಭ್ಯಾಸದಿಂದ ಗೆರೆಯ ಹೊರಗೆ ಒಮ್ಮೆ ನೋಡಿದೆ. ಕೋಚ್ ಸರ್ ವಾಚ್ ನೋಡಿಕೊಳ್ಳುತ್ತಿದ್ದರು.

ಕೈ ಎತ್ತಿದೆ. "ಮೇರೇ ಕೋ ಲಗಾ ಸರ್."

ಕಾರ್ನರ್‌ನಲ್ಲಿ ಗೋಲಾಯಿತು. ಆಮೇಲೆ ಶೂಟೌಟ್‌ನಲ್ಲಿ ಸೋತೆವು.

ಡ್ರೆಸ್ಸಿಂಗ್ ರೂಮಿನಲ್ಲಿ ಸುಕೇಶ್ ಬೂಟಿನ ಲೇಸ್ ಬಿಚ್ಚುತ್ತ, ತಲೆ ಎತ್ತದೆ ಕೇಳಿದ: "ಏನು ಕೊಟ್ಟ ಅವ?"

"ಯಾರು?"

"ಸ್ಟಿಕ್ ಕೊಟ್ಟವ. ಅವರ ಪ್ರಾಕ್ಟೀಸಿಗೆ ಹೋಗಿ ಗೇಟ್ ಹತ್ರ ನಿಂತಿದ್ದಿಯಂತೆ. ನಲ್ಲಿ ಹತ್ರ ಮಾತಾಡಿದ್ದು ನಾನೇ ನೋಡಿದ್ದೇನೆ. ಆ ಚೆಕಿಂಗ್‌ದು ಕೂಡ ನಾಟಕ, ಅಲ್ವಾ? ಯಾರಿಗೂ ಡೌಟ್ ಬರಬಾರದು ಅಂತ."

ಒಂದೊಂದೂ ನಾನು ಮಾಡಿದ್ದೇ. ಜೋಡಿಸಿ ನೋಡಿದರೆ ನನಗೇ ಹೌದೆನ್ನಿಸಿತು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇದಕ್ಕೆ ಏನೋ ಹೆಸರಿದೆ, ನೆನಪಾಗಲಿಲ್ಲ. ಏನೂ ಕೊಟ್ಟಿಲ್ಲ ಎಂದು ಮೂರು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ನನ್ನ ದನಿ ಸುಳ್ಳು ಹೇಳುವವನ ದನಿಯ ಹಾಗೆ ಕೇಳಿಸಿತು.

ಗೇಟಿನಲ್ಲಿ ಸ್ಟಿಕ್ ವಾಪಸ್ ಕೊಡಲು ಹೋದೆ. ರೋಶನ್ ಮೆಡಲ್ ಜೇಬಿನಲ್ಲಿಟ್ಟುಕೊಂಡಿದ್ದ. "ನನ್ನನ್ನು ನೋಡಿ ಮಾಡಿದ್ದಾ?" ಎಂದು ಕೇಳಿದ. ಅವನಿಗೂ ಅನುಮಾನ ಸರ್. ಇಲ್ಲ ಎಂದೆ. "ಹಾಗಾದ್ರೆ ಒಳ್ಳೇದು. ನನಗೋಸ್ಕರ ಅಂದ್ರೆ ನಂಗೆ ಭಾರ ಆಗ್ತಿತ್ತು" ಎಂದು ಸ್ಟಿಕ್ ತೆಗೆದುಕೊಂಡ. "ನಿಮಗೆ ಯಾರು ಕಲಿಸಿದ್ದು?" ಎಂದು ನಾನು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಾಲಿಗೆ ತಾಗಿದ್ರೆ ತಾಗಿತು. ಅದರಲ್ಲಿ ಕಲಿಸುವುದು ಎಂಥದು?" ಎಂದ.

ಲಿಸ್ಟ್ ನಿನ್ನೆ ಹಾಕಿದರು. ನನ್ನ ಹೆಸರಿಲ್ಲ. ಕೋಚ್ ಸರ್ ಕರೆದು, ಆಟ ಚೆನ್ನಾಗಿದೆ, ಆದರೆ ಟೀಮಿನವರು ನಿನ್ನ ಜೊತೆ ಆಡುವುದಿಲ್ಲ ಎನ್ನುತ್ತಿದ್ದಾರೆ, ಮುಂದಿನ ವರ್ಷ ಮತ್ತೆ ಟ್ರಯಲ್ ಕೊಡು ಎಂದರು. ಬುಧವಾರದೊಳಗೆ ರೂಮು ಖಾಲಿ ಮಾಡಬೇಕು. ಮುಲುಂಡಿನಿಂದ ದಾದರ್, ದಾದರ್‌ನಲ್ಲಿ ಬದಲಿಸಿ ಬಾಂದ್ರಾ. ಒಂಬತ್ತರ ಕ್ಲಾಸಿಗೆ ಏಳಕ್ಕೇ ಹೊರಡಬೇಕು. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಅಲ್ಲೋ, ಟ್ರಂಕ್ ದೊಡ್ಡದೈತೋ ಸಣ್ಣದೋ?" ಎಂದರು. ದೊಡ್ಡದು ಎಂದೆ. "ಹಂಗಾರ ಹೊರಗ ಇಡೋಣು, ಮ್ಯಾಲೆ ಪ್ಲಾಸ್ಟಿಕ್ ಹಾಕಿದ್ರ ಆತು" ಎಂದರು.

ನಿಮ್ಮ ಸಮಾರಂಭಕ್ಕೆ ಬರಲಾಗುವುದಿಲ್ಲ, ಪರೀಕ್ಷೆ ಇದೆ. ಪರೀಕ್ಷೆ ಇರುವುದು ನಿಜ. ಬರದಿರುವುದು ಅದಕ್ಕಲ್ಲ.

ಬಸು

*

ತಾಳಿಕೋಟಿ
20 ಜನವರಿ 2025

ಬಸು,

ನಿನ್ನ ಕಾಗದ ಓದಿದ ಮೇಲೆ ಮೊದಲು ಸಿಟ್ಟು ಬಂತು. ರೂಮು ಕಳೆದುಕೊಂಡನಲ್ಲ ಮೂರ್ಖ ಎಂದೆ. ಆಮೇಲೆ ನಿನ್ನ ಕ್ಯಾಪ್ಟನ್ ಕೇಳಿದ ಪ್ರಶ್ನೆ ನನ್ನ ಬಾಯಲ್ಲೂ ಬಂತು, ಏನು ಕೊಟ್ಟಿರಬಹುದು ಎಂದು. ನಿನ್ನನ್ನು ಆರು ವರ್ಷ ಸಾಕಿದವನು ನಾನು. ನನಗೇ ಹಾಗೆ ಅನ್ನಿಸಿತು.

ಬೆವರು ಬಂದಿರಲಿಲ್ಲ.

ನಿನ್ನೆ ಭಾನುವಾರ ಸಿಂದಗಿ ಬಸ್ ಹತ್ತಿದೆ. ಸಂತುವನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡ್ ಎದುರಿಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದಾನೆ. ಹಾಕಿ ಬಿಟ್ಟಿದ್ದಾನೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ, ಚಹಾ ತರಿಸಿದ. ಚಹಾ ಬರುವುದಕ್ಕೆ ಮುಂಚೆಯೇ ಹೇಳಿಬಿಟ್ಟೆ, ಆ ದಿನ ಚೆಂಡು ಬಡಿದಿತ್ತು, ಹುಡುಗನಿಗೆ ಸುಳ್ಳು ಹೇಳಿಸಿದವನು ನಾನು ಎಂದು.

"ಗೊತ್ತೈತ್ರಿ ಸರ. ನಾ ಹೊಡದಿದ್ನಲ್ರಿ, ನನಗ ಗೊತ್ತಿರೂದಿಲ್ಲೇನು?" ಎಂದ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಈಗ್ಯಾಕ ಬಂದ್ರಿ? ಪೆನ್ಶನ್ ಕಾಗದಕ್ಕ ನನ್ನ ಸಹಿ ಏನಾರ ಬೇಕಾಗೈತೇನು?"

ಇಲ್ಲ ಎಂದೆ.

"ಮತ್ಯಾರರ ಕೇಸ್ ಹಾಕ್ಯಾರೇನು?"

ಇಲ್ಲ, ಹೇಳಿಹೋಗಲು ಬಂದೆ ಎಂದೆ. ಅವನು ನಗಲಿಲ್ಲ. ನಂಬಲೂ ಇಲ್ಲ. ಚಹಾ ಮುಗಿಯುವವರೆಗೆ ನನ್ನ ಚೀಲದ ಮೇಲೆಯೇ ಕಣ್ಣಿಟ್ಟಿದ್ದ, ಅದರೊಳಗಿಂದ ಯಾವುದೋ ಕಾಗದ ಹೊರಗೆ ಬರುತ್ತದೆ ಎಂಬಂತೆ. ಗಿರಾಕಿ ಬಂದ, ಅವನು ಕೆಲಸಕ್ಕೆ ಹತ್ತಿದ. ನಾನು ಎದ್ದು ಬಂದೆ.

ಬಸ್ಸಿನಲ್ಲಿ ಅವನ ಮೇಲೆ ಬೇಸರವಾಗಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ನಾನು ಕಲಿಸಿದ್ದನ್ನೇ ಅವನು ನನ್ನ ಮುಂದೆ ಮಾಡಿ ತೋರಿಸಿದ, ಅಷ್ಟೆ. ಎದುರಿನವನ ಕಣ್ಣು ನೋಡಲಿಲ್ಲ.

ಬರುವ ಐತವಾರ ಮತ್ತೆ ಹೋಗುತ್ತೇನೆ. ಚೀಲ ಒಯ್ಯುವುದಿಲ್ಲ.

ಗುರಲಿಂಗಪ್ಪ